ಬೈದರೆ ಸಲೀಸು, ಸುಮ್ಮನಿದ್ದರೆ ಕಷ್ಟ: ಎಸ್‌ಎಸ್‌ಎಚ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

‘ಮಾಮ, ಎಸ್‌ಎಸ್‌ಎಚ್ ಆಗ್ತಿಲ್ಲ.’

ಚಿತ್ರದುರ್ಗದ ಹಾಸ್ಟೆಲಿನಿಂದ ಅಕ್ಕನ ಮಗ ಫೋನ್ ಮಾಡಿದರೆ ಮೊದಲ ಮಾತು ಇದೇ. ಊಟ ಆಯ್ತಾ ಅನ್ನೋದೆಲ್ಲ ಆಮೇಲೆ. ಅವನು ಅಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಅವನ ದೊಡ್ಡ ಕಂಪ್ಯೂಟರ್ ಮಾತ್ರ ದಾವಣಗೆರೆಯಲ್ಲಿ, ವಿದ್ಯಾನಗರದ ನಮ್ಮ ಮನೆಯ ಮಹಡಿ ಮೇಲಿದೆ. ಮಧ್ಯೆ ಸುಮಾರು 60 ಕಿಲೋಮೀಟರ್ ಹೆದ್ದಾರಿ. ಅವನ ಲ್ಯಾಪ್‌ಟಾಪಿನಲ್ಲೂ ಲಿನಕ್ಸ್, ಇಲ್ಲಿಯ ಡೆಸ್ಕ್‌ಟಾಪಿನಲ್ಲೂ ಲಿನಕ್ಸ್. ಅಲ್ಲಿ ಕೂತು ಇಲ್ಲಿಯದನ್ನು ಓಡಿಸಬೇಕು. ಅವನಿಗೆ ಬೇಕಾಗಿರುವುದು ಅಷ್ಟೇ. ಹೀಗೆ ಒಂದು ಕಂಪ್ಯೂಟರಿನಿಂದ ಇನ್ನೊಂದರೊಳಗೆ ಭದ್ರವಾಗಿ ಲಾಗಿನ್ ಆಗಿ ಕಮಾಂಡ್ ಕೊಡುವ ದಾರಿಗೇ ಎಸ್‌ಎಸ್‌ಎಚ್ ಅನ್ನೋದು.

‘ಆಗ್ತಿಲ್ಲ ಅಂದ್ರೆ ಏನಪ್ಪಾ? ಸ್ಕ್ರೀನ್ ಮೇಲೆ ಏನು ಬಂತು, ಓದು.’

‘ಏನೋ ಎರರ್ ಬಂತು ಮಾಮ.’

ಅವನು ಓದದೆ ಬಿಟ್ಟ ಆ ಒಂದು ಸಾಲಿನಲ್ಲೇ ಅರ್ಧ ಉತ್ತರ ಇರುತ್ತದೆ. ಇನ್ನೊಂದು ಕಂಪ್ಯೂಟರಿನೊಳಗೆ ಹೋಗೋದು ಅಂದರೆ ಒಂದೇ ಬಾಗಿಲು ದಾಟೋದಲ್ಲ. ಮೊದಲು ಅದರ ಹೆಸರು ಯಾವ ವಿಳಾಸ ಅಂತ ಗೊತ್ತಾಗಬೇಕು. ಆ ವಿಳಾಸಕ್ಕೆ ದಾರಿ ಇರಬೇಕು. ಅಲ್ಲಿ ಯಂತ್ರ ಎದ್ದಿರಬೇಕು. ಅದರ ಪೋರ್ಟಿನಲ್ಲಿ, ಅಂದರೆ ನಂಬರ್ ಹಾಕಿದ ಬಾಗಿಲಲ್ಲಿ, ಯಾರಾದರೂ ಕಿವಿಗೊಟ್ಟು ಕೂತಿರಬೇಕು. ಅದು ನಿಜವಾಗಿ ಅದೇ ಯಂತ್ರವಾ ಅಂತ ನಾವು ನೋಡಬೇಕು. ನಾವು ನಿಜವಾಗಿ ನಾವೇನಾ ಅಂತ ಅದು ನೋಡಬೇಕು. ಕೊನೆಗೆ ನಮ್ಮ ಕಮಾಂಡ್ ಕೇಳುವ ಶೆಲ್ ಶುರುವಾಗಬೇಕು. ಎಣಿಸಿದರೆ ಏಳಾಯಿತು. ಏಳು ಸುತ್ತಿನ ಕೋಟೆಯ ಊರಿನಲ್ಲಿ ಓದುವ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಾಯಿತಲ್ಲ ಅಂತ ನನಗೆ ನಗು. ಯಾವ ಸುತ್ತಿನಲ್ಲಿ ತಡೆದರು ಅಂತ ತಿಳಿಯದೆ ಎಲ್ಲ ಬಾಗಿಲನ್ನೂ ಒದೆಯುತ್ತಾ ಹೋದರೆ ಕಾಲು ನೋಯುತ್ತೆ ಅಷ್ಟೇ.

ಒಂದು ಮಾತು. ಕಮಾಂಡುಗಳನ್ನು ನಾನಿಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ ಮಾಡಿ. ದೊಡ್ಡಕ್ಷರ ಅಂತ ನಾನು ಹೇಳದಿದ್ದರೆ ಎಲ್ಲಾ ಸಣ್ಣಕ್ಷರ.

ಮೊದಲ ಸಲ ಅವನು ಇದನ್ನು ಮಾಡಲು ಹೊರಟಿದ್ದು ಒಂದು ಭಾನುವಾರ, ನಮ್ಮ ಮನೆಯಲ್ಲೇ. ಲ್ಯಾಪ್‌ಟಾಪ್ ಕೆಳಗಿನ ಹಾಲಿನಲ್ಲಿ, ಡೆಸ್ಕ್‌ಟಾಪ್ ಮಹಡಿ ಮೇಲೆ, ಎರಡಕ್ಕೂ ಒಂದೇ ವೈಫೈ. ಎಂಟರ್ ಒತ್ತಿದ ಕ್ಷಣಕ್ಕೆ ‘ಕನೆಕ್ಷನ್ ರೆಫ್ಯೂಸ್ಡ್’ ಅಂತ ಬಂತು. ಹುಡುಗನ ಮುಖ ಸಣ್ಣಗಾಯಿತು. ನಾನು ‘ಭೇಷ್’ ಅಂದೆ.

ಯಾಕೆ ಅಂದರೆ, ಬೈಯೋಕಾದರೂ ಅಲ್ಲಿ ಒಬ್ಬರು ಇರಬೇಕಲ್ವಾ? ‘ರೆಫ್ಯೂಸ್ಡ್’ ಅಂತ ತಟ್ಟನೆ ಬಂದರೆ ನಮ್ಮ ಪ್ಯಾಕೆಟ್ (ನೆಟ್‌ವರ್ಕಿನಲ್ಲಿ ಓಡಾಡುವ ಮಾಹಿತಿಯ ತುಂಡು) ಆ ಯಂತ್ರದ ತನಕ ಹೋಗಿದೆ, ಆ ಯಂತ್ರ ಅದನ್ನು ನೋಡಿದೆ, ‘ಈ ಪೋರ್ಟಿನಲ್ಲಿ ಯಾರೂ ಇಲ್ಲ, ಹೋಗು’ ಅಂತ ರೀಸೆಟ್ ಪ್ಯಾಕೆಟ್ ವಾಪಸ್ ಕಳಿಸಿದೆ. ಅಂದರೆ ವಿಳಾಸ ಸರಿ, ದಾರಿ ಸರಿ, ವೈಫೈ ಸರಿ. ಒಂದೇ ಏಟಿಗೆ ಮೂರು ಅನುಮಾನ ಹೋಯಿತು. ಫೈರ್‌ವಾಲ್ (ಬಂದವರನ್ನು ತಡೆದು ನೋಡುವ ಕಾವಲುಗಾರ) ಕೂಡ ಕೆಲವು ಸಲ ಹೀಗೆ ಬಾಯಿಬಿಟ್ಟು ಬೇಡ ಅನ್ನುತ್ತದೆ, ಆದರೆ ಮನೆಯೊಳಗೆ ಅದು ಕಡಿಮೆ.

ನಮ್ಮ ಕಾರಣ ತೀರಾ ಸರಳ. ಉಬುಂಟು ಡೆಸ್ಕ್‌ಟಾಪ್ ಹಾಕಿದಾಗ ಎಸ್‌ಎಸ್‌ಎಚ್ ಕ್ಲೈಂಟ್ ಬರುತ್ತದೆ, ಸರ್ವರ್ ಬರುವುದಿಲ್ಲ. ಹೊರಗೆ ಹೋಗೋಕೆ ಆಗುತ್ತೆ, ಬಂದವರಿಗೆ ಬಾಗಿಲು ತೆಗೆಯೋಕೆ ಯಾರೂ ಇಲ್ಲ. ‘ಓಪನ್‌ಎಸ್‌ಎಸ್‌ಎಚ್-ಸರ್ವರ್’ ಅನ್ನೋ ಪ್ಯಾಕೇಜ್ ಹಾಕಿದ ಮೇಲೆ ಬಾಗಿಲು ತೆರೆಯಿತು. ಯಾರು ಯಾವ ಪೋರ್ಟಿನಲ್ಲಿ ಕೂತಿದ್ದಾರೆ ಅಂತ ನೋಡಲು ಆ ಯಂತ್ರದ ಮೇಲೆ ‘ಎಸ್‌ಎಸ್ -ಟಿಎಲ್‌ಎನ್‌ಪಿ’ ಕೊಡಿ. ಎಸ್‌ಎಸ್‌ಎಚ್ ಮಾಮೂಲಿಯಾಗಿ ಕೂರುವ 22ರ ಸಾಲು ಇರಬೇಕು. ಸಾಲು ಇದೆ, ಆದರೆ ವಿಳಾಸದ ಜಾಗದಲ್ಲಿ 127.0.0.1 ಅಂತ ಮಾತ್ರ ಇದೆ ಅಂದರೆ ಅದು ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುತ್ತಿದೆ, ಹೊರಗಿನವರಿಗೆ ಕಿವುಡು. ಸರ್ವಿಸಿನ ಹೆಸರು ಉಬುಂಟು, ಡೆಬಿಯನ್‌ನಲ್ಲಿ ‘ಎಸ್‌ಎಸ್‌ಎಚ್’. ಫೆಡೋರಾ ಕಡೆಯವರಲ್ಲಿ ಕೊನೆಗೊಂದು ಡಿ ಸೇರಿ ‘ಎಸ್‌ಎಸ್‌ಎಚ್‌ಡಿ’. ಮ್ಯಾಕ್ ಆದರೆ ಸೆಟ್ಟಿಂಗ್ಸ್‌ನಲ್ಲಿ ‘ರಿಮೋಟ್ ಲಾಗಿನ್’ ಅನ್ನೋ ಗುಂಡಿ ಇದೆ, ಅದನ್ನು ಆನ್ ಮಾಡಿ ಸಾಕು.

ಈ 22ಕ್ಕೂ ಒಂದು ಕತೆ ಇದೆ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಟಾಟು ಯುಲೋನೆನ್ ಎಂಬವರು ಎಸ್‌ಎಸ್‌ಎಚ್ ಬರೆದರು. ಅವರ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದಿದ್ದರು. ಆಗಿನ ಟೆಲ್ನೆಟ್, ಆರ್‌ಲಾಗಿನ್ ಎಲ್ಲ ಪಾಸ್‌ವರ್ಡನ್ನು ಪೋಸ್ಟ್ ಕಾರ್ಡಿನಲ್ಲಿ ಬರೆದ ಹಾಗೆ ಕಳಿಸುತ್ತಿದ್ದವು. ಎಫ್‌ಟಿಪಿಗೆ 21, ಟೆಲ್ನೆಟ್ಟಿಗೆ 23 ಆಗಲೇ ಕೊಟ್ಟಾಗಿತ್ತು. ಮಧ್ಯದ ಸೀಟು ಖಾಲಿ ಇತ್ತು, ಕೇಳಿದರು, ಸಿಕ್ಕಿತು. ನಾವೀಗ ಬಳಸುವ ಓಪನ್‌ಎಸ್‌ಎಸ್‌ಎಚ್ ಬಂದದ್ದು 1999ರಲ್ಲಿ, ಓಪನ್‌ಬಿಎಸ್‌ಡಿ ತಂಡದಿಂದ.

ನಿಜವಾಗಿ ತಲೆ ತಿನ್ನೋದು ಮೌನ. ಎಂಟರ್ ಒತ್ತುತ್ತೀರಿ, ಕರ್ಸರ್ ಮಿಟುಕಿಸುತ್ತಾ ಕೂತಿರುತ್ತದೆ. ನಿಮ್ಮ ಯಂತ್ರ ಒಂದು ಸಲ ಕೂಗಿ, ಸ್ವಲ್ಪ ಕಾದು, ಮತ್ತೆ ಕೂಗಿ, ಇನ್ನಷ್ಟು ಕಾದು, ಹೀಗೆ ಲಿನಕ್ಸಿನಲ್ಲಿ ಹೆಚ್ಚುಕಡಿಮೆ ಎರಡು ನಿಮಿಷ ಆದ ಮೇಲೆ ‘ಕನೆಕ್ಷನ್ ಟೈಮ್ಡ್ ಔಟ್’ ಅನ್ನುತ್ತದೆ. ಕೂಗಿದ್ದು ಅಲ್ಲಿಗೆ ತಲುಪಲೇ ಇಲ್ಲವೋ, ತಲುಪಿದರೂ ಫೈರ್‌ವಾಲ್ ಕಸದ ಬುಟ್ಟಿಗೆ ಹಾಕಿತೋ, ಉತ್ತರ ವಾಪಸ್ ಬರುವ ದಾರಿಯಲ್ಲಿ ಕಳೆದುಹೋಯಿತೋ, ಇಲ್ಲಿ ಕೂತವರಿಗೆ ಮೂರೂ ಒಂದೇ ಥರ ಕಾಣುತ್ತದೆ. ಹಾಗಾಗಿ ಟೈಮ್ ಔಟ್ ಬಂದರೆ ಎಸ್‌ಎಸ್‌ಎಚ್ ಸೆಟ್ಟಿಂಗು, ಪಾಸ್‌ವರ್ಡು, ಕೀ (ಪಾಸ್‌ವರ್ಡಿನ ಬದಲು ಬಳಸುವ ಗುರುತಿನ ಫೈಲು) ಯಾವುದನ್ನೂ ಮುಟ್ಟಬೇಡಿ. ಅವುಗಳ ಸರದಿ ಇನ್ನೂ ಬಂದೇ ಇಲ್ಲ.

ನಮ್ಮ ಮನೆಯಲ್ಲಿ ಯಂತ್ರ ಕೈಗೆ ಸಿಗದಿರೋಕೆ ದೊಡ್ಡ ಕಾರಣ ಕರೆಂಟು. ಕರೆಂಟ್ ಹೋಗಿ ಬಂದರೆ ರೂಟರ್ ಮತ್ತೆ ಶುರುವಾಗಿ ಎಲ್ಲರಿಗೂ ಹೊಸದಾಗಿ ವಿಳಾಸ ಹಂಚುತ್ತದೆ. ನಿನ್ನೆ 192.168.1.7 ಆಗಿದ್ದ ಡೆಸ್ಕ್‌ಟಾಪ್ ಇವತ್ತು 192.168.1.11. ಅಳಿಯ ಮಾತ್ರ ಇನ್ನೂ 7ರ ಮನೆ ಬಾಗಿಲನ್ನೇ ಬಡಿಯುತ್ತಿರುತ್ತಾನೆ. ಒಂದೇ ವೈಫೈನಲ್ಲಿದ್ದು ಆ ವಿಳಾಸದಲ್ಲಿ ಯಾರೂ ಇಲ್ಲದಿದ್ದರೆ ಕೆಲವೇ ಸೆಕೆಂಡಿನಲ್ಲಿ ‘ನೋ ರೂಟ್ ಟು ಹೋಸ್ಟ್’ ಬರುತ್ತದೆ. ಇದು ನೋಡೋಕೆ ದಾರಿಯ ತೊಂದರೆ ಅನ್ನಿಸುತ್ತದೆ, ಆದರೆ ಸಾಮಾನ್ಯವಾಗಿ ಇದರ ಅರ್ಥ ‘ಆ ಮನೆಯಲ್ಲಿ ಯಾರೂ ಓಗೊಡಲಿಲ್ಲ’ ಅಂತ. ಕೆಲವು ಫೈರ್‌ವಾಲುಗಳು ಬೇಡ ಅನ್ನೋಕೂ ಇದೇ ಮಾತು ಹೇಳಿಸುತ್ತವೆ, ಅದು ಬೇರೆ ಕಿರಿಕಿರಿ. ರೂಟರಿನೊಳಗೆ ಹೋಗಿ ಆ ಡೆಸ್ಕ್‌ಟಾಪಿಗೆ ಒಂದೇ ವಿಳಾಸ ಕಾದಿರಿಸಿದ ಮೇಲೆ ನಮ್ಮ ಮನೆಯ ಅರ್ಧ ಗಲಾಟೆ ನಿಂತಿತು. ಇನ್ನೊಂದು ಗೊತ್ತಿರಲಿ: ಗೆಸ್ಟ್ ವೈಫೈನಲ್ಲಿ ಒಂದು ಯಂತ್ರ ಇನ್ನೊಂದನ್ನು ನೋಡದ ಹಾಗೆ ತಡೆ ಇರುವುದು ಸಾಮಾನ್ಯ. ಪಕ್ಕಪಕ್ಕ ಕೂತಿದ್ದರೂ ಪರದೆ ಮಧ್ಯೆ.

‘ಪಿಂಗ್ ಆಗ್ತಿದೆ ಮಾಮ, ಎಸ್‌ಎಸ್‌ಎಚ್ ಆಗ್ತಿಲ್ಲ’ ಅನ್ನೋದು ಇನ್ನೊಂದು ಮಾಮೂಲಿ ದೂರು. ಪಿಂಗ್ ಅಂದರೆ ‘ಇದ್ದೀಯಾ’ ಅಂತ ಕೂಗಿ ನೋಡೋದು. ಪಿಂಗ್ ಆದರೆ ಯಂತ್ರ ಎದ್ದಿದೆ ಅಂತ ಅರ್ಥ, 22 ತೆರೆದಿದೆ ಅಂತಲ್ಲ. ಪಿಂಗ್ ಆಗದಿದ್ದರೆ ಯಂತ್ರ ಸತ್ತಿದೆ ಅಂತಲೂ ಅಲ್ಲ. ಎಷ್ಟೋ ಕಡೆ ಪಿಂಗನ್ನೇ ಮುಚ್ಚಿರುತ್ತಾರೆ. ಪೋರ್ಟನ್ನೇ ತಟ್ಟಿ ನೋಡಬೇಕು. ‘ಎನ್‌ಸಿ -ಜಡ್‌ವಿ’, ಆಮೇಲೆ ವಿಳಾಸ, ಆಮೇಲೆ 22. ತೆರೆದಿದೆಯೋ ಇಲ್ಲವೋ ಒಂದೇ ಸಾಲಿನಲ್ಲಿ ಹೇಳುತ್ತದೆ.

ಫೈರ್‌ವಾಲ್ ವಿಷಯದಲ್ಲಿ ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಮಂಡಿಪೇಟೆಯಲ್ಲಿ ಗೆಳೆಯನ ಅಂಗಡಿಯ ಕಂಪ್ಯೂಟರನ್ನು ನಾನು ಮನೆಯಿಂದಲೇ ನೋಡಿಕೊಳ್ಳುತ್ತೇನೆ. ಒಂದು ಸಂಜೆ ಭದ್ರವಾಗಿರಲಿ ಅಂತ ಅದರಲ್ಲಿ ಫೈರ್‌ವಾಲ್ ಆನ್ ಮಾಡುವ ‘ಯುಎಫ್‌ಡಬ್ಲ್ಯು ಎನೇಬಲ್’ ಕೊಟ್ಟೆ. ಎಸ್‌ಎಸ್‌ಎಚ್‌ಗೆ ಅನುಮತಿ ಕೊಡೋದು ಮರೆತಿದ್ದೆ. ಹೀಗೆ ಮಾಡಿದರೆ ಕನೆಕ್ಷನ್ ಕಡಿಯಬಹುದು ಅಂತ ಅದು ಎಚ್ಚರಿಸಿಯೂ ಇತ್ತು. ಮೋಸ ಹೋದದ್ದು ಎಲ್ಲಿ ಅಂದರೆ, ಆಗ ತೆರೆದಿದ್ದ ಕಿಟಕಿ ಕಡಿಯಲಿಲ್ಲ. ಹಳೇ ಮಾತುಕತೆ ಮುಂದುವರಿಯಲಿ ಅಂತ ಬಿಡುತ್ತದೆ, ಹೊಸದಾಗಿ ಬಂದವರನ್ನು ತಡೆಯುತ್ತದೆ. ಎಲ್ಲ ಸರಿ ಇದೆ ಅಂತ ನಾನು ಲಾಗ್‌ಔಟ್ ಆದೆ. ಆಮೇಲೆ ಒಳಗೆ ಹೋಗೋಕೆ ಉಳಿದದ್ದು ಸ್ಕೂಟರ್ ಒಂದೇ. ರೈಲ್ವೆ ಗೇಟ್ ಬೇರೆ ಬಿದ್ದಿತ್ತು. ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತಾ ನಿಂತಾಗ ಒಂದು ಅಭ್ಯಾಸ ಮಾಡಿಕೊಂಡೆ: ದೂರದ ಯಂತ್ರದಲ್ಲಿ ಏನೇ ಬದಲಿಸಿದರೂ ಇರುವ ಕಿಟಕಿ ಮುಚ್ಚಬಾರದು. ಇನ್ನೊಂದು ಕಿಟಕಿ ತೆಗೆದು ಹೊಸದಾಗಿ ಲಾಗಿನ್ ಆಗಿ ನೋಡಬೇಕು. ಎಸ್‌ಎಸ್‌ಎಚ್ ಸೆಟ್ಟಿಂಗ್ ಫೈಲ್ ತಿದ್ದಿದ್ದರೆ ರೀಸ್ಟಾರ್ಟಿಗೆ ಮುಂಚೆ ‘ಸುಡೊ ಎಸ್‌ಎಸ್‌ಎಚ್‌ಡಿ -ಟಿ’ ಕೊಡಬೇಕು. ತಪ್ಪಿದ್ದರೆ ಯಾವ ಸಾಲು ಅಂತ ಹೇಳುತ್ತದೆ, ಸರಿ ಇದ್ದರೆ ಬಾಯಿ ಬಿಡುವುದಿಲ್ಲ.

ಬಾಗಿಲು ತೆರೆದಿದೆ ಅಂತ ಗೊತ್ತಾದ ಮೇಲೆ ‘ಎಸ್‌ಎಸ್‌ಎಚ್ -ವಿ’ ಕೊಟ್ಟು ನೋಡಿ. ಉದ್ದಕ್ಕೆ ಸಾಲುಗಳು ಸುರಿಯುತ್ತವೆ, ಹೆದರಬೇಡಿ, ಎಲ್ಲ ಓದಬೇಕಿಲ್ಲ. ‘ಕನೆಕ್ಷನ್ ಎಸ್ಟಾಬ್ಲಿಷ್ಡ್’ ಕಂಡರೆ ಪೋರ್ಟ್ ದಾಟಿದಿರಿ. ‘ಸರ್ವರ್ ಹೋಸ್ಟ್ ಕೀ’ ಕಂಡರೆ ಆ ಯಂತ್ರ ತನ್ನ ಗುರುತು ತೋರಿಸಿತು. ‘ಅಥೆಂಟಿಕೇಷನ್ಸ್ ದಟ್ ಕ್ಯಾನ್ ಕಂಟಿನ್ಯೂ’ ಅಂದರೆ ಈಗ ನಿಮ್ಮ ಗುರುತು ಕೇಳುತ್ತಿದೆ. ಎಲ್ಲಿ ನಿಂತಿತೋ ಅಲ್ಲೇ ಅಗೆಯಬೇಕು.

ಯಂತ್ರದ ಗುರುತಿನ ಹತ್ತಿರ ತಡೆದರೆ ಸ್ಕ್ರೀನ್ ತುಂಬ ದೊಡ್ಡಕ್ಷರದ ಬೊಬ್ಬೆ ಬರುತ್ತದೆ: ಆ ಕಡೆಯ ಗುರುತು ಬದಲಾಗಿದೆ, ಯಾರೋ ಕಿಡಿಗೇಡಿತನ ಮಾಡುತ್ತಿರಬಹುದು ಅಂತ. ಮನೆಯೊಳಗೆ ಇದಕ್ಕೆ ಕಾರಣ ಬಹುಪಾಲು ಮೇಲೆ ಹೇಳಿದ ಕರೆಂಟ್ ಕತೆಯೇ. 7ರ ವಿಳಾಸ ಬೇರೊಂದು ಯಂತ್ರಕ್ಕೆ ಹೋಗಿದೆ. ಇಲ್ಲವೇ ಲಿನಕ್ಸ್ ಹೊಸದಾಗಿ ಹಾಕಿದ್ದೀರಿ, ಕೀ ಹೊಸದಾಗಿದೆ. ‘ಎಸ್‌ಎಸ್‌ಎಚ್-ಕೀಜೆನ್ -ಆರ್’, ಆ ಆರ್ ದೊಡ್ಡಕ್ಷರ, ಜೊತೆಗೆ ವಿಳಾಸ ಕೊಟ್ಟರೆ ಹಳೇ ಗುರುತು ಅಳಿಯುತ್ತದೆ. ಆದರೆ ಕಾರಣ ತಿಳಿಯದೆ ಅಳಿಸಬೇಡಿ. ಆ ಯಂತ್ರದ ಮುಂದೆ ಕೂತವರಿಂದ ಅದರ ಕೀಯ ಚಿಕ್ಕ ಗುರುತು, ಅಂದರೆ ಫಿಂಗರ್‌ಪ್ರಿಂಟ್ ಓದಿಸಿ ಹೊಂದಿಸಿ ನೋಡಿ. ಬ್ಯಾಂಕಿನವರು ಸಹಿ ಹೋಲಿಸಿ ನೋಡುವ ಹಾಗೆ.

ಇನ್ನು ‘ಪರ್ಮಿಷನ್ ಡಿನೈಡ್’. ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಾಳಾಗೋದು ಇಲ್ಲಿ. ಮೊದಲು ಅದರ ಮುಂದೆ ಕಂಸದೊಳಗೆ ಏನಿದೆ ನೋಡಿ. ಆ ಸರ್ವರ್ ಯಾವ ಯಾವ ದಾರಿಯಲ್ಲಿ ಒಳಗೆ ಬಿಡುತ್ತದೆ ಅನ್ನೋ ಪಟ್ಟಿ ಅದು. ‘ಪಬ್ಲಿಕ್‌ಕೀ’ ಅಂತ ಮಾತ್ರ ಇದ್ದರೆ ಪಾಸ್‌ವರ್ಡ್ ಎಷ್ಟು ಸರಿ ಇದ್ದರೂ ಕೇಳುವವರಿಲ್ಲ. ಎರಡನೆಯದು ಹೆಸರು. ಹೆಸರು ಕೊಡದಿದ್ದರೆ ಎಸ್‌ಎಸ್‌ಎಚ್ ಈ ಯಂತ್ರದ ಯೂಸರ್ ಹೆಸರನ್ನೇ ಅಲ್ಲಿಗೂ ಹೇಳುತ್ತದೆ. ಲ್ಯಾಪ್‌ಟಾಪಿನಲ್ಲಿ ಒಂದು ಹೆಸರು, ಡೆಸ್ಕ್‌ಟಾಪಿನಲ್ಲಿ ಇನ್ನೊಂದು ಇಟ್ಟುಕೊಂಡವರು ಅಲ್ಲಿ ಇಲ್ಲದ ಯೂಸರಿಗೆ ಅರ್ಧ ಗಂಟೆ ಪಾಸ್‌ವರ್ಡ್ ಹೊಡೆಯುತ್ತಾರೆ. ಅಂಥ ಯೂಸರೇ ಇಲ್ಲ ಅಂತ ಸರ್ವರ್ ಹೇಳುವುದಿಲ್ಲ. ಹೇಳಿದರೆ ಕಳ್ಳನಿಗೂ ಗೊತ್ತಾಗುತ್ತಲ್ಲ.

ಕ್ಲೈಂಟಿನ ಕಡೆ ಎಷ್ಟು ನೋಡಿದರೂ ಕಾರಣ ಸಿಗದಿರೋದು ಇದಕ್ಕೇ. ಸರ್ವರ್ ನಿಮಗೆ ಬೇಕಂತಲೇ ಹೇಳುವುದಿಲ್ಲ, ತನ್ನ ಡೈರಿಯಲ್ಲಿ ಮಾತ್ರ ಬರೆದಿಟ್ಟುಕೊಳ್ಳುತ್ತದೆ. ಆ ಡೈರಿ ಓದಿಸಬೇಕು. ಉಬುಂಟುವಿನಲ್ಲಿ ‘ಸುಡೊ ಜರ್ನಲ್‌ಸಿಟಿಎಲ್ -ಯು ಎಸ್‌ಎಸ್‌ಎಚ್ -ಎಫ್’ ಕೊಟ್ಟು ಬಿಟ್ಟು, ಈ ಕಡೆಯಿಂದ ಒಮ್ಮೆ ಪ್ರಯತ್ನ ಮಾಡಿದರೆ ಅಲ್ಲಿ ಕಾರಣ ಬೀಳುತ್ತದೆ.

ಅಳಿಯನ ಕೇಸ್ ಹೀಗಿತ್ತು. ಕೀ ಮಾಡಿಕೊಂಡಿದ್ದ, ‘ಎಸ್‌ಎಸ್‌ಎಚ್-ಕಾಪಿ-ಐಡಿ’ ಹಾಕಿದ್ದ, ಒಂದು ವಾರ ಚೆನ್ನಾಗಿ ನಡೆಯಿತು. ಧೈರ್ಯ ಬಂದು ಪಾಸ್‌ವರ್ಡ್ ದಾರಿ ಮುಚ್ಚಿದ. ಸರಿಯಾದ ಕೆಲಸವೇ. ಮುಂದಿನ ಭಾನುವಾರ ಏನೋ ಫೋಲ್ಡರ್ ಹಂಚಿಕೊಳ್ಳೋಕೆ ಆಗದೆ ಸಿಟ್ಟು ಬಂದು ಹೋಮ್ ಡೈರೆಕ್ಟರಿಗೇ 777 ಪರ್ಮಿಷನ್ ಕೊಟ್ಟ. ಸಂಜೆ ಕೀ ನಡೆಯಲಿಲ್ಲ. ಕೀ ಅದೇ, ಫೈಲ್ ಅದೇ. ಮಹಡಿ ಮೇಲೆ ಹೋಗಿ ಲಾಗ್ ನೋಡಿದರೆ, ‘ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್’ ಅಂತ ಸ್ಪಷ್ಟವಾಗಿ ಬರೆದಿತ್ತು. ಎಸ್‌ಎಸ್‌ಎಚ್ ಯೋಚಿಸೋದು ಹೀಗೆ: ಈ ಮನೆಗೆ ಯಾರು ಬೇಕಾದರೂ ಬಂದು ಬರೆಯಬಹುದು, ಹಾಗಾದರೆ ಒಳಗಿರುವ ಕೀ ಪಟ್ಟಿಯನ್ನೂ ಯಾರೋ ತಿದ್ದಿರಬಹುದು, ನಾನು ನಂಬಲ್ಲ. ನ್ಯಾಯವೇ. ಹೋಮ್ ಡೈರೆಕ್ಟರಿಯಲ್ಲಿ ಬೇರೆಯವರು ಬರೆಯುವ ಹಾಗಿರಬಾರದು, ‘ಡಾಟ್ ಎಸ್‌ಎಸ್‌ಎಚ್’ ಫೋಲ್ಡರ್ 700, ಅದರೊಳಗಿನ ‘ಅಥರೈಸ್ಡ್ ಕೀಸ್’ ಫೈಲ್ 600 ಇದ್ದರೆ ಅದಕ್ಕೆ ಸಮಾಧಾನ. 777 ಅನ್ನೋದು ತಲೆನೋವಿಗೆ ತಲೆ ತೆಗೆಯುವ ಔಷಧಿ.

ಕೀ ಬಗ್ಗೆ ಇನ್ನೆರಡು. ಲ್ಯಾಪ್‌ಟಾಪಿನಲ್ಲಿ ಹತ್ತಾರು ಕೀ ಇಟ್ಟುಕೊಂಡವರಿಗೆ ‘ಟೂ ಮೆನಿ ಅಥೆಂಟಿಕೇಷನ್ ಫೇಲ್ಯೂರ್ಸ್’ ಬರುತ್ತದೆ. ಕೀಗಳನ್ನು ಹಿಡಿದಿಟ್ಟುಕೊಂಡಿರುವ ಏಜೆಂಟ್ ಪ್ರೋಗ್ರಾಂ ಒಂದೊಂದೇ ಕೀ ಹಾಕಿ ನೋಡುತ್ತಾ ಹೋಗುತ್ತದೆ, ಸರ್ವರ್ ಮಾಮೂಲಿಯಾಗಿ ಆರು ಸಲ ಮಾತ್ರ ಸಹಿಸುತ್ತದೆ. ಸರಿಯಾದ ಕೀ ಏಳನೆಯದಾಗಿದ್ದರೆ ಅದರ ಪಾಳಿ ಬರೋದೇ ಇಲ್ಲ. ಕಾನ್ಫಿಗ್ ಫೈಲಿನಲ್ಲಿ ಆ ಯಂತ್ರಕ್ಕೆ ಇದೇ ಕೀ ಅಂತ ಬರೆದು ‘ಐಡೆಂಟಿಟೀಸ್‌ಓನ್ಲಿ ಯೆಸ್’ ಹಾಕಿ. ಎರಡನೆಯದು, 2021ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.8ರಿಂದ ಹಳೇ ಶಾ-1 ಸಹಿಯ ಆರ್‌ಎಸ್‌ಎ ಪದ್ಧತಿಯನ್ನು ತಾನಾಗಿ ಒಪ್ಪುವುದಿಲ್ಲ. ಹೊಸ ಲ್ಯಾಪ್‌ಟಾಪ್, ಹತ್ತು ವರ್ಷದ ಸರ್ವರ್ ಇದ್ದಲ್ಲಿ ಇದು ಕಾಡುತ್ತದೆ. ‘ಇಡಿ25519’ ಥರದ ಹೊಸ ಕೀ ಮಾಡಿಕೊಂಡರೆ ಹೆಚ್ಚಿನ ಕಡೆ ಮುಗಿಯುತ್ತದೆ.

ಸೋಮವಾರ ಅವನು ಬಸ್ ಹತ್ತಿ ಚಿತ್ರದುರ್ಗಕ್ಕೆ ಹೋದ. ರಾತ್ರಿ ಫೋನ್. ‘ಮಾಮ, ಅದೇ ಐಪಿ ಹಾಕಿದೀನಿ, ಟೈಮ್ ಔಟ್.’ ಈ ಸಲ ಎರರ್ ಓದಿ ಹೇಳಿದ್ದಕ್ಕೆ ನನಗೆ ಖುಷಿ. ಆದರೆ 192.168ರಿಂದ ಶುರುವಾಗುವ ವಿಳಾಸ ನಮ್ಮ ಮನೆಯೊಳಗಿನ ಕರೆಯುವ ಹೆಸರು ಇದ್ದ ಹಾಗೆ. ಪುಟ್ಟ ಅಂತ ಕರೆದರೆ ನಮ್ಮನೆ ಪುಟ್ಟ ಬರುತ್ತಾನೆ. ಹಾಸ್ಟೆಲಿನಲ್ಲಿ ನಿಂತು ಪುಟ್ಟ ಅಂದರೆ ಅಲ್ಲಿಯ ಯಾವನೋ ಪುಟ್ಟ ತಿರುಗಿ ನೋಡಬೇಕು, ಇಲ್ಲದಿದ್ದರೆ ಯಾರೂ ಇಲ್ಲ. 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು ಕೂಡ ಹೀಗೇ. ಇಂಟರ್ನೆಟ್ಟಿನಲ್ಲಿ ಇವುಗಳಿಗೆ ದಾರಿ ಇಲ್ಲ.

ಹೊರಗಿನಿಂದ ಬರಬೇಕಾದರೆ ಮನೆಯ ರೂಟರಿಗೆ ಸಿಕ್ಕಿರುವ ಹೊರಗಿನ ವಿಳಾಸ ಬೇಕು, ಅಲ್ಲಿಂದ ಡೆಸ್ಕ್‌ಟಾಪಿಗೆ ಪೋರ್ಟ್ ಫಾರ್ವರ್ಡ್ ಮಾಡಬೇಕು, ಅಂದರೆ ರೂಟರಿನ ಒಂದು ಪೋರ್ಟಿಗೆ ಬಂದದ್ದನ್ನು ಒಳಗೆ ದಾಟಿಸಬೇಕು. ಮಾಡಿದೆವು. ಆಗಲಿಲ್ಲ. ಎರಡು ಸಂಜೆ ರೂಟರಿನ ಜೊತೆ ಗುದ್ದಾಡಿದ ಮೇಲೆ ನೋಡಬೇಕಾದ್ದನ್ನು ನೋಡಿದೆ. ರೂಟರ್ ಪುಟದಲ್ಲಿ ಹೊರಗಿನ ವಿಳಾಸ 100.70 ಅಂತ ಶುರುವಾಗಿತ್ತು. 100.64ರಿಂದ 100.127ರವರೆಗಿನ ವಿಳಾಸಗಳು ಇಂಟರ್ನೆಟ್ ಕೊಡುವವರು ತಮ್ಮೊಳಗೆ ಹಂಚಿಕೊಳ್ಳುವವು. ಊರಿಗೆಲ್ಲ ಇಂಟರ್ನೆಟ್ ಕೊಡೋಕೆ ಐಪಿವಿ4 ವಿಳಾಸ ಸಾಲುವುದಿಲ್ಲ, ಹಾಗಾಗಿ ಎಷ್ಟೋ ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂಡಿಸುತ್ತಾರೆ. ನಮ್ಮ ಮನೆಯ ಬಾಗಿಲು ನಾನು ತೆಗೆದಿದ್ದೆ, ಓಣಿಯ ದೊಡ್ಡ ಗೇಟಿನ ಕೀಲಿ ನನ್ನ ಹತ್ತಿರ ಇರಲೇ ಇಲ್ಲ. ರೂಟರ್ ತೋರಿಸುವ ಹೊರವಿಳಾಸ, ನಿಮ್ಮ ಐಪಿ ಏನು ಅಂತ ಹೇಳುವ ಯಾವುದಾದರೂ ಸೈಟ್ ತೋರಿಸುವ ವಿಳಾಸ, ಎರಡೂ ಒಂದೇ ಇದೆಯಾ ನೋಡಿ. ಬೇರೆ ಇದ್ದರೆ ಪೋರ್ಟ್ ಫಾರ್ವರ್ಡ್ ಮಾಡಿ ಸುಮ್ನೆ ಬೆವರು ಸುರಿಸಬೇಡಿ.

ನಾವು ವೈರ್‌ಗಾರ್ಡ್ ಆಧಾರದ ಟೇಲ್‌ಸ್ಕೇಲ್ ಅನ್ನೋ ಖಾಸಗಿ ಸುರಂಗದ ಸಾಫ್ಟ್‌ವೇರ್ ಹಾಕಿಕೊಂಡೆವು. ಎರಡೂ ಯಂತ್ರಗಳು ತಾವಾಗಿ ಹೊರಗೆ ಹೋಗಿ ಮಧ್ಯೆ ಭೇಟಿಯಾಗುತ್ತವೆ, ಯಾರೂ ಗೇಟ್ ತೆಗೆಯಬೇಕಿಲ್ಲ. ಅದು ಕೊಡುವ ವಿಳಾಸವೂ ಅದೇ 100ರ ಗುಂಪಿನದು, ನೋಡಿ ಗಾಬರಿಯಾಗಬೇಡಿ. ಬಾಡಿಗೆ ಸರ್ವರ್ ಇದ್ದವರು ಎಸ್‌ಎಸ್‌ಎಚ್‌ನದೇ ಹಿಮ್ಮುಖ ಸುರಂಗ, ಅಂದರೆ ದೊಡ್ಡಕ್ಷರದ -ಆರ್, ಬಳಸಬಹುದು. ನೇರ ವಿಳಾಸ ಇದ್ದವರಿಗೂ ನಾನು 22ನ್ನು ಲೋಕಕ್ಕೆ ತೆರೆದಿಡಿ ಅನ್ನೋದಿಲ್ಲ. ತೆರೆದಿಟ್ಟ ದಿನವೇ ಲಾಗ್ ನೋಡಿ, ಎಲ್ಲಿಯದೋ ಯಂತ್ರಗಳು ‘ರೂಟ್’, ‘ಅಡ್ಮಿನ್’ ಅಂತ ಹೆಸರು ಹಾಕಿ ಬಡಿಯುತ್ತಾ ಇರುತ್ತವೆ. ಪೋರ್ಟ್ ನಂಬರ್ ಬದಲಿಸಿದರೆ ಸದ್ದು ಕಡಿಮೆಯಾಗುತ್ತದೆ, ಆದರೆ ಕಾಯೋದು ಕೀ ಮಾತ್ರ.

ಇದರಷ್ಟೇ ಕಾಟ ಕೊಟ್ಟದ್ದು ಒಮ್ಮೆ ಅಂಗಡಿಯ ಕನೆಕ್ಷನ್. ಪೋರ್ಟ್ ತೆರೆದಿದೆ, ಮಾತು ಶುರುವಾಗುತ್ತದೆ, ಕೀ ಬದಲಾಯಿಸಿಕೊಳ್ಳುವ ಹೊತ್ತಿಗೆ ನಿಂತುಬಿಡುತ್ತದೆ. ಎರರೂ ಇಲ್ಲ. ರೈಲ್ವೆ ಅಂಡರ್‌ಪಾಸ್ ನೆನೆಸಿಕೊಳ್ಳಿ. ಆಟೋ ಹೋಗುತ್ತೆ, ಬೈಕ್ ಹೋಗುತ್ತೆ, ಲೋಡ್ ಲಾರಿ ಸಿಕ್ಕಿಹಾಕಿಕೊಳ್ಳುತ್ತೆ. ಮಾಮೂಲಿ ಪ್ಯಾಕೆಟ್ 1500 ಬೈಟಿನ ತನಕ ಇರಬಹುದು. ಪಿಪಿಪಿಒಇ (ಬ್ರಾಡ್‌ಬ್ಯಾಂಡಿನವರು ಬಳಸುವ ಒಂದು ಪದ್ಧತಿ) ಕನೆಕ್ಷನ್ನಿನಲ್ಲಿ 8 ಬೈಟ್ ಅದಕ್ಕೇ ಹೋಗಿ 1492 ಉಳಿಯುತ್ತದೆ. ‘ಇಷ್ಟು ದೊಡ್ಡದು ಹೋಗಲ್ಲ’ ಅನ್ನೋ ಸುದ್ದಿಯನ್ನೂ ಮಧ್ಯೆ ಯಾರೋ ತಡೆದರೆ ಕಳಿಸಿದವನಿಗೆ ಗೊತ್ತೇ ಆಗುವುದಿಲ್ಲ. ‘ಪಿಂಗ್ -ಎಂ ಡು -ಎಸ್ 1472’ ಕೊಟ್ಟು ನೋಡಿ, ಆ ಎಂ ದೊಡ್ಡಕ್ಷರ. 1472ಕ್ಕೆ ಪ್ಯಾಕೆಟಿನ ತಲೆಬರಹದ 28 ಬೈಟ್ ಸೇರಿ 1500. ಅದು ಹೋಗದೆ 1464 ಹೋದರೆ ಕಳ್ಳ ಸಿಕ್ಕ. ಎಂಟಿಯು, ಅಂದರೆ ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿ, ಇಳಿಸಿದರೆ ಸರಿಹೋಗುತ್ತದೆ.

ಹಾಸ್ಟೆಲ್, ಆಫೀಸಿನ ವೈಫೈಗಳಲ್ಲಿ 22ನ್ನೇ ಮುಚ್ಚಿರುವುದೂ ಉಂಟು. ಇದಕ್ಕೆ ಅತಿ ಅಗ್ಗದ ಪರೀಕ್ಷೆ ಮೊಬೈಲ್ ಹಾಟ್‌ಸ್ಪಾಟ್. ಅದರಲ್ಲಿ ಆಗಿ ವೈಫೈನಲ್ಲಿ ಆಗದಿದ್ದರೆ ನಿಮ್ಮ ಎರಡೂ ಯಂತ್ರಗಳು ನಿರಪರಾಧಿಗಳು.

ಒಳಗೆ ಹೋದ ಮೇಲೂ ಕೀಟಲೆ ತಪ್ಪಲ್ಲ. ಅಳಿಯ ತನ್ನ ‘ಡಾಟ್ ಬ್ಯಾಷ್‌ಆರ್‌ಸಿ’ ಫೈಲಿನಲ್ಲಿ ಲಾಗಿನ್ ಆದಾಗಲೆಲ್ಲ ‘ಬನ್ನಿ ಯಜಮಾನ್ರೇ’ ಅಂತ ಬರುವ ಹಾಗೆ ಬರೆದುಕೊಂಡಿದ್ದ. ಅವತ್ತಿನಿಂದ ಫೈಲ್ ಕಳಿಸುವ ಎಸ್‌ಎಫ್‌ಟಿಪಿ ಕೆಟ್ಟಿತು. ಆ ಮರ್ಯಾದೆಯ ಮಾತನ್ನು ಅದು ಫೈಲಿನ ಲೆಕ್ಕ ಅಂದುಕೊಂಡು ಮೆಸೇಜ್ ತೀರಾ ಉದ್ದ ಅಂತ ಗೊಣಗುತ್ತಿತ್ತು. ಇನ್ನು ಸುಮ್ಮನೆ ಬಿಟ್ಟ ಕಿಟಕಿ ಸ್ವಲ್ಪ ಹೊತ್ತಿಗೆ ಹೆಪ್ಪುಗಟ್ಟಿದರೆ ಮಧ್ಯದ ರೂಟರ್ ನಿಮ್ಮನ್ನು ಮರೆತಿದೆ ಅಂತ. ‘ಸರ್ವರ್‌ಅಲೈವ್‌ಇಂಟರ್ವಲ್ 60’ ಹಾಕಿದರೆ ನಿಮಿಷಕ್ಕೊಮ್ಮೆ ‘ಇದ್ದೀನಿ’ ಅಂತ ಕೂಗಿ ಹೇಳುತ್ತಿರುತ್ತದೆ. ಆಗಲೇ ಹೆಪ್ಪುಗಟ್ಟಿದ್ದರೆ ಎಂಟರ್, ಟಿಲ್ಡೆ, ಚುಕ್ಕೆ, ಈ ಮೂರನ್ನು ಒಂದಾದ ಮೇಲೊಂದು ಒತ್ತಿ, ಕಿಟಕಿ ಬಿಡುಗಡೆ.

ಹೋದ ವಾರ ಮತ್ತೆ ಫೋನ್ ಬಂತು. ಈಗ ಅವನು ಪಂಡಿತ. ‘ಮಾಮ, ಟೈಮ್ ಔಟ್. ಹಾಟ್‌ಸ್ಪಾಟಲ್ಲೂ ಅದೇ. ಟೇಲ್‌ಸ್ಕೇಲಲ್ಲಿ ಡೆಸ್ಕ್‌ಟಾಪ್ ಆಫ್‌ಲೈನ್ ಅಂತ ತೋರಿಸ್ತಿದೆ. ಎಂಟಿಯು ಅಲ್ಲ, ಫೈರ್‌ವಾಲ್ ಅಲ್ಲ.’ ನಾನು ಹರಿಹರದಲ್ಲಿದ್ದೆ. ಮನೆಗೆ, ಅಂದರೆ ಅವನ ಅಜ್ಜಿಗೆ ಫೋನ್ ಮಾಡಿದೆ.

‘ಅಮ್ಮಾ, ಮೇಲಿನ ಕಂಪ್ಯೂಟರ್ ಆನ್ ಇದೆಯಾ?’

‘ಗುಡುಗ್ತಿತ್ತಪ್ಪ. ಪ್ಲಗ್ ಕಿತ್ತಿಟ್ಟಿದೀನಿ.’